ಐಸ್ ಲೆಕ್ಕಕ್ಕಿಂತ ಬೇಗ ಕರಗುತ್ತಿದೆಯೇ? ಮೀನಿನ ಪೆಟ್ಟಿಗೆಯಲ್ಲಿ ಉಷ್ಣವಹನದ ದೋಷ ಪತ್ತೆ

ತದಡಿಯಲ್ಲಿ ನಸುಕಿಗೆ ಐಸ್ ತುಂಬಿದ ಪೆಟ್ಟಿಗೆಯನ್ನು ದೇವಿಮನೆ ಘಟ್ಟ ಹತ್ತಿಸಿ ಶಿರಸಿಯಲ್ಲಿ ತೆರೆದಾಗ ಬಂಗುಡೆ ನೀರಿನಲ್ಲಿ ತೇಲುತ್ತಿದ್ದರೆ, ಬಹುತೇಕರು ಮೊದಲು ದೂರುವುದು ಪೆಟ್ಟಿಗೆಯನ್ನು. ಬೈತಖೋಲದಿಂದ ಭಟ್ಕಳದವರೆಗಿನ ಬಂದರುಗಳಲ್ಲಿ ಬಳಕೆಯಲ್ಲಿರುವ ಥರ್ಮೋಕೋಲ್ ಪೆಟ್ಟಿಗೆ ಮತ್ತು ಪಫ್ (ಪಾಲಿಯುರೆಥೇನ್ ನೊರೆ) ತುಂಬಿದ ಫೈಬರ್ ಪೆಟ್ಟಿಗೆಗಳ ವಿಷಯದಲ್ಲಿ ಆ ದೂರು ಕೆಲವೊಮ್ಮೆ ನಿಜವಾಗಿರುತ್ತದೆ. ಆದರೆ ಎಷ್ಟೋ ಸಲ ತಪ್ಪಿರುವುದು ಲೆಕ್ಕದಲ್ಲಿ, ಇಲ್ಲವೇ ಪೆಟ್ಟಿಗೆಯೊಳಗೆ ಹಾಕಿದ ಸರಕಿನಲ್ಲಿ. ಹೊಸ ಪೆಟ್ಟಿಗೆಗೆ ಹಣ ಸುರಿಯುವ ಮೊದಲು ಒಂದು ತಕ್ಕಡಿ, ಒಂದು ಬಕೆಟ್, ಒಂದು ಥರ್ಮಾಮೀಟರ್ ಇಟ್ಟುಕೊಂಡು ಮಾಡಬಹುದಾದ ಪರೀಕ್ಷೆಗಳನ್ನು ಇಲ್ಲಿ ಖರ್ಚಿಲ್ಲದ್ದರಿಂದ ಆರಂಭಿಸಿ ಕ್ರಮವಾಗಿ ವಿವರಿಸಲಾಗಿದೆ.

ಹೋಲಿಕೆಗೆ ಒಂದು ಆಧಾರ ಲೆಕ್ಕ

ಘನವಸ್ತುವಿನ ಮೂಲಕ ಉಷ್ಣ ಹರಿಯುವ ನಿಯಮವನ್ನು ಫ್ರಾನ್ಸಿನ ಜೋಸೆಫ್ ಫೂರಿಯೇ 1822ರಲ್ಲಿ ಪ್ರಕಟಿಸಿದರು. ನಮ್ಮ ಕೆಲಸಕ್ಕೆ ಅದರ ರೂಪ ಇಷ್ಟು:

ಸೆಕೆಂಡಿಗೆ ಹರಿಯುವ ಉಷ್ಣ (ವ್ಯಾಟ್) = ಉಷ್ಣವಾಹಕತೆ × ವಿಸ್ತೀರ್ಣ × ಎರಡು ಬದಿಗಳ ತಾಪಮಾನ ವ್ಯತ್ಯಾಸ ÷ ದಪ್ಪ

ಒಳ ಅಳತೆ 80 × 50 × 50 ಸೆಂಟಿಮೀಟರ್ ಇರುವ, ಎಲ್ಲ ಕಡೆಯೂ 5 ಸೆಂಟಿಮೀಟರ್ ದಪ್ಪದ ಥರ್ಮೋಕೋಲ್ ಗೋಡೆಯ ಪೆಟ್ಟಿಗೆಯೊಂದನ್ನು ತೆಗೆದುಕೊಳ್ಳೋಣ. ಒಳಮೈಯ ವಿಸ್ತೀರ್ಣ 2.1 ಚದರ ಮೀಟರ್, ಹೊರಮೈಯದು 2.88 ಚದರ ಮೀಟರ್, ಎರಡರ ಸರಾಸರಿ ಸುಮಾರು 2.5. ಒಣ ಥರ್ಮೋಕೋಲಿನ ಉಷ್ಣವಾಹಕತೆಯನ್ನು (ವಸ್ತು ಉಷ್ಣವನ್ನು ಎಷ್ಟು ಸುಲಭವಾಗಿ ಸಾಗಿಸುತ್ತದೆ ಎಂಬ ಅಳತೆ) ಮೀಟರಿಗೆ, ಡಿಗ್ರಿಗೆ 0.035 ವ್ಯಾಟ್ ಎಂದು ಹಿಡಿಯಬಹುದು. ಹೊರಗೆ 32 ಡಿಗ್ರಿ ಸೆಲ್ಸಿಯಸ್, ಒಳಗೆ ಕರಗುತ್ತಿರುವ ಐಸ್ ಸೊನ್ನೆ ಡಿಗ್ರಿ. ಆಗ 0.035 × 2.5 × 32 ÷ 0.05 ಎಂದರೆ 56 ವ್ಯಾಟ್. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಬೇಕಾಗುವುದರಿಂದ ಈ ಗೋಡೆಗಳು ಗಂಟೆಗೆ ಸುಮಾರು 0.6 ಕಿಲೋ, ದಿನಕ್ಕೆ ಸುಮಾರು 14.5 ಕಿಲೋ ಐಸನ್ನು ಕರಗಿಸುತ್ತವೆ. ಪೆಟ್ಟಿಗೆಗೆ ಏನೂ ಆಗಿಲ್ಲದಿದ್ದರೂ ಇಷ್ಟು ಐಸ್ ಹೋಗಿಯೇ ಹೋಗುತ್ತದೆ. ಅದೇ ದಪ್ಪದ ಒಳ್ಳೆಯ ಪಫ್ ಗೋಡೆಯಾದರೆ (ಉಷ್ಣವಾಹಕತೆ 0.025) 40 ವ್ಯಾಟ್, ಅಂದರೆ ದಿನಕ್ಕೆ ಹತ್ತು ಕಿಲೋಗಿಂತ ತುಸು ಹೆಚ್ಚು. ನಿಮ್ಮ ಪೆಟ್ಟಿಗೆಯ ಅಳತೆ ಹಾಕಿ ಇದೇ ಸಂಖ್ಯೆಯನ್ನು ಮೊದಲು ಬರೆದಿಟ್ಟುಕೊಳ್ಳಿ. ಆ ಸಂಖ್ಯೆ ಕೈಯಲ್ಲಿಲ್ಲದೆ "ಬೇಗ ಕರಗುತ್ತಿದೆ" ಎಂಬ ಮಾತಿಗೆ ಅರ್ಥ ಬರುವುದಿಲ್ಲ.

ಲಕ್ಷಣ: ಲೆಕ್ಕದ ಉತ್ತರವೇ ನಂಬುವಂತಿಲ್ಲ

ದಿನಕ್ಕೆ ನೂರೈವತ್ತು ಗ್ರಾಂ ಐಸ್ ಸಾಕು ಎಂಬಂಥ ಉತ್ತರ ಬಂದರೆ, ದಪ್ಪವನ್ನು 0.05 ಮೀಟರ್ ಎನ್ನುವ ಬದಲು 5 ಎಂದೇ ಬರೆದಿದ್ದೀರಿ. ಉತ್ತರ ನೂರು ಪಟ್ಟು ಕುಗ್ಗಿದೆ. ದಿನಕ್ಕೆ 138 ಕಿಲೋ ಎಂಬ ಉತ್ತರ ಬಂದರೆ, 32 ಡಿಗ್ರಿ ವ್ಯತ್ಯಾಸಕ್ಕೆ ಕೆಲ್ವಿನ್ ಮಾಡಲೆಂದು 273 ಸೇರಿಸಿದ್ದೀರಿ. ಕೆಲ್ವಿನ್ ಆಗಲಿ ಸೆಲ್ಸಿಯಸ್ ಆಗಲಿ, ವ್ಯತ್ಯಾಸ ಒಂದೇ. ಅದಕ್ಕೆ ಏನನ್ನೂ ಸೇರಿಸಬೇಕಾಗಿಲ್ಲ. ಉತ್ತರ ಶೇಕಡಾ ಹದಿನೈದರಷ್ಟು ಮಾತ್ರ ಆಚೀಚೆ ಇದ್ದರೆ ಎರಡು ಕಡೆ ನೋಡಿ. ಒಳಮೈಯ ವಿಸ್ತೀರ್ಣವನ್ನಷ್ಟೇ ಹಿಡಿದರೆ ದಿನಕ್ಕೆ 12.2 ಕಿಲೋ ಬರುತ್ತದೆ, ಹೊರಮೈಯದನ್ನಷ್ಟೇ ಹಿಡಿದರೆ 16.7 ಕಿಲೋ; ದಪ್ಪ ಗೋಡೆಯ ಸಣ್ಣ ಪೆಟ್ಟಿಗೆಯಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಎರಡನೆಯದು ಹಳೆಯ ಕೋಷ್ಟಕಗಳ ತೊಂದರೆ: ಅವುಗಳಲ್ಲಿ ಉಷ್ಣವಾಹಕತೆ ಗಂಟೆಗೆ ಕಿಲೋಕ್ಯಾಲೊರಿಯಲ್ಲಿ ಇರುವುದುಂಟು. ಅದನ್ನು 1.163ರಿಂದ ಗುಣಿಸಿದರೆ ಮಾತ್ರ ವ್ಯಾಟಿನ ಸಂಖ್ಯೆ ಸಿಗುತ್ತದೆ.

ಪದರಗಳಿರುವ ಗೋಡೆಯಲ್ಲಿ ಆಗುವ ತಪ್ಪು ಬೇರೆ ಬಗೆಯದು. 12 ಮಿಲಿಮೀಟರ್ ಪ್ಲೈವುಡ್, 50 ಮಿಲಿಮೀಟರ್ ಪಫ್, 3 ಮಿಲಿಮೀಟರ್ ಫೈಬರ್ ಇದ್ದಾಗ ಮೂರರ ಉಷ್ಣವಾಹಕತೆಗಳ ಸರಾಸರಿ ತೆಗೆಯುವವರಿದ್ದಾರೆ. ಹಾಗೆ ಮಾಡಿದರೆ ಪದರ ಹೆಚ್ಚಿಸಿದಷ್ಟೂ ಗೋಡೆ ಕೆಟ್ಟಿತೆಂಬ ವಿಚಿತ್ರ ಉತ್ತರ ಬರುತ್ತದೆ. ಕೂಡಿಸಬೇಕಾದದ್ದು ಉಷ್ಣರೋಧವನ್ನು, ಅಂದರೆ ಪ್ರತಿ ಪದರದ ದಪ್ಪವನ್ನು ಅದರ ವಾಹಕತೆಯಿಂದ ಭಾಗಿಸಿದ ಸಂಖ್ಯೆಯನ್ನು. ಇಲ್ಲಿ ಪ್ಲೈವುಡ್ಡಿನದು 0.09, ಪಫ್‌ನದು 2.0, ಫೈಬರಿನದು 0.012. ಒಟ್ಟು 2.1ರಲ್ಲಿ ಫೈಬರಿನ ಪಾಲು ಶೇಕಡಾ ಒಂದೂ ಇಲ್ಲ. ಫೈಬರ್ ಗಟ್ಟಿಮುಟ್ಟಾಗಿದೆ ಎಂಬ ಕಾರಣಕ್ಕೆ ಪೆಟ್ಟಿಗೆ ಐಸನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ ಎಂದುಕೊಳ್ಳುವುದು ಸರಿಯಲ್ಲ.

ಇನ್ನೊಂದು ದೊಡ್ಡ ತಪ್ಪು ಹೆಚ್ಚಾಗಿ ಕಾಣುವುದು ತಗಡಿನ ಮಾಡಿನ ಲೆಕ್ಕದಲ್ಲಿ. ಅರ್ಧ ಮಿಲಿಮೀಟರ್ ಉಕ್ಕಿನ ತಗಡಿನ ಮೇಲಿನ ಮತ್ತು ಕೆಳಗಿನ ಗಾಳಿಗೆ 10 ಡಿಗ್ರಿ ಅಂತರವಿದೆಯೆಂದು ಸೂತ್ರಕ್ಕೆ ಹಾಕಿದರೆ ಚದರ ಮೀಟರಿಗೆ ಹತ್ತು ಲಕ್ಷ ವ್ಯಾಟ್ ಬರುತ್ತದೆ. ನಡುಹಗಲಿನ ಸೂರ್ಯನೇ ಚದರ ಮೀಟರಿಗೆ ಸುಮಾರು ಒಂದು ಸಾವಿರ ವ್ಯಾಟ್ ಕೊಡುತ್ತಾನೆ. ಸೂತ್ರ ಕೇಳುವುದು ತಗಡಿನ ಎರಡು ಮೈಗಳ ತಾಪಮಾನವನ್ನು. ನಾವು ಕೊಟ್ಟದ್ದು ಎರಡು ಕಡೆಯ ಗಾಳಿಯ ತಾಪಮಾನವನ್ನು. ತೆಳು ಲೋಹದಲ್ಲಿ ಎರಡು ಮೈಗಳಿಗೂ ಹೆಚ್ಚುಕಡಿಮೆ ಒಂದೇ ತಾಪಮಾನವಿರುತ್ತದೆ, ತಡೆಯೆಲ್ಲ ಮೈಗೆ ಅಂಟಿದ ಗಾಳಿಯ ಪದರದಲ್ಲಿರುತ್ತದೆ. ಆ ಪದರದ ಉಷ್ಣರೋಧ ಸುಮಾರು 0.125. ಥರ್ಮೋಕೋಲ್ ಗೋಡೆಯ 1.43ರ ಪಕ್ಕದಲ್ಲಿ ಅದು ಚಿಕ್ಕದಾದುದರಿಂದ ಪೆಟ್ಟಿಗೆಯ ಲೆಕ್ಕದಲ್ಲಿ ಬಿಟ್ಟರೂ ನಡೆಯುತ್ತದೆ. ಹಿಡಿದರೆ 56 ವ್ಯಾಟ್ ಎಂಬುದು 51ರ ಆಸುಪಾಸಿಗೆ ಇಳಿಯುತ್ತದೆ.

ಲಕ್ಷಣ: ಮೊದಲ ದಿನ ಐಸ್ ಸುರಿದು ಹೋಗುತ್ತದೆ, ಎರಡನೆಯ ದಿನ ನಿಲ್ಲುತ್ತದೆ

ಇಲ್ಲಿ ಪೆಟ್ಟಿಗೆಯದು ತಪ್ಪಲ್ಲ. ಬಲೆಯಿಂದ ಬಂದ ಮೀನು 30 ಡಿಗ್ರಿ ಇರುತ್ತದೆ, ಅದನ್ನು ಸೊನ್ನೆಗೆ ಇಳಿಸಲು ಕಿಲೋಗೆ, ಡಿಗ್ರಿಗೆ ಸುಮಾರು 3.6 ಕಿಲೋಜೂಲ್ ಹೊರತೆಗೆಯಬೇಕು. 50 ಕಿಲೋ ಮೀನಿಗೆ ಇದು 5,400 ಕಿಲೋಜೂಲ್, ಅಂದರೆ 16 ಕಿಲೋ ಐಸ್. ಗೋಡೆ ಇಡೀ ದಿನ ತಿನ್ನುವುದಕ್ಕಿಂತ ಹೆಚ್ಚು ಐಸನ್ನು ಮೀನು ಮೊದಲ ಕೆಲವು ಗಂಟೆಗಳಲ್ಲೇ ತಿನ್ನುತ್ತದೆ. ಎರಡೂ ಸೇರಿ ಮೊದಲ ದಿನಕ್ಕೆ ಸುಮಾರು 31 ಕಿಲೋ. ಮೂವತ್ತು ಕಿಲೋ ಐಸ್ ಹಾಕಿ ಸಂಜೆಗೆ ನೀರು ಕಂಡು ಪೆಟ್ಟಿಗೆ ಬದಲಿಸಿದವರು ಹೊಸ ಪೆಟ್ಟಿಗೆಯಲ್ಲೂ ಅದೇ ನೀರನ್ನು ಕಂಡಿದ್ದಾರೆ.

ಇದರ ಜೊತೆಗೇ ಇನ್ನೆರಡು ವಿಷಯಗಳನ್ನು ವಿಚಾರಿಸಿ. ಕೊಂಡ ಐಸನ್ನು ಪೆಟ್ಟಿಗೆಗೆ ಹಾಕುವ ಹೊತ್ತಿನಲ್ಲಿ ತೂಗಿದ್ದೀರಾ? ಪುಡಿ ಮಾಡುವಾಗ, ಗಾಡಿಯಲ್ಲಿ ಬರುವಾಗ ಹೋದ ಐಸನ್ನೂ ಪೆಟ್ಟಿಗೆಯ ಖಾತೆಗೆ ಬರೆಯುವುದು ಸಾಮಾನ್ಯ. ಯಾರಾದರೂ ಐಸಿಗೆ ಉಪ್ಪು ಬೆರೆಸಿದ್ದಾರೆಯೇ? ಉಪ್ಪು ಬಿದ್ದ ಐಸ್ ಸೊನ್ನೆಗಿಂತ ಕೆಳಗೆ ಕರಗುತ್ತದೆ, ಮೀನು ಬೇಗ ತಣ್ಣಗಾಗುತ್ತದೆ, ಆದರೆ ತಾಪಮಾನ ವ್ಯತ್ಯಾಸ ಹೆಚ್ಚುವುದರಿಂದ ಗೋಡೆಯ ಮೂಲಕ ಬರುವ ಉಷ್ಣವೂ ಹೆಚ್ಚುತ್ತದೆ.

ಲಕ್ಷಣ: ಎರಡನೆಯ ದಿನವೂ ಅಷ್ಟೇ ವೇಗದಲ್ಲಿ ಕರಗುತ್ತದೆ

ಈಗ ಪೆಟ್ಟಿಗೆಯನ್ನು ಪರೀಕ್ಷಿಸುವ ಕಾಲ. ಕರಗಿದ ನೀರಿಗಿಂತ ನಂಬಿಕಸ್ಥ ಮೀಟರ್ ಬೇರೆ ಇಲ್ಲ. ಮೀನಿಲ್ಲದ ಪೆಟ್ಟಿಗೆಗೆ 20 ಕಿಲೋ ಐಸ್ ಹಾಕಿ ಎಲ್ಲ ಗೋಡೆಗಳಿಗೂ ತಾಗುವಂತೆ ಹರಡಿ, ಮುಚ್ಚಿ, ನೆರಳಿನಲ್ಲಿ ತುಸು ಓರೆಯಾಗಿಡಿ. ಮೊದಲ ಆರು ಗಂಟೆಯ ನೀರನ್ನು ಚೆಲ್ಲಿಬಿಡಿ, ಏಕೆಂದರೆ ಅಷ್ಟರಲ್ಲಿ ಪೆಟ್ಟಿಗೆಯ ಗೋಡೆಯೇ ತಣ್ಣಗಾಗುತ್ತಿರುತ್ತದೆ. ಮುಂದಿನ ಆರು ಗಂಟೆಯ ನೀರನ್ನು ತೂಬಿನಿಂದ ಬಕೆಟ್ಟಿಗೆ ಇಳಿಸಿ ತೂಗಿ. ಆ ಅವಧಿಯಲ್ಲಿ ಹೊರಗಿನ ತಾಪಮಾನವನ್ನು ಮೂರು ನಾಲ್ಕು ಸಲ ಬರೆದು ಸರಾಸರಿ ತೆಗೆಯಿರಿ.

ಮೇಲಿನ ಮಾದರಿ ಪೆಟ್ಟಿಗೆಗೆ, 32 ಡಿಗ್ರಿಯಲ್ಲಿ, 3.3ರಿಂದ 3.6 ಕಿಲೋ ನೀರು ಬರಬೇಕು. ನಾಲ್ಕು ಕಿಲೋವರೆಗೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಐದು ಕಿಲೋ ಬಂತೆನ್ನಿ: ಅದು 77 ವ್ಯಾಟ್, ಸೂತ್ರವನ್ನು ತಿರುಗಿಸಿದರೆ ಗೋಡೆಯ ತೋರಿಕೆಯ ವಾಹಕತೆ 0.048. ಥರ್ಮೋಕೋಲಿಗೆ ಇದು ಹೆಚ್ಚು. ಆದರೆ ಈ ಸಂಖ್ಯೆ ಗೋಡೆ ಕೆಟ್ಟಿದೆಯೆಂದು ಇನ್ನೂ ಹೇಳುವುದಿಲ್ಲ; ಗೋಡೆ, ಸೋರುವ ಗಾಳಿ, ಲೋಹದ ಬೋಲ್ಟು ಎಲ್ಲವೂ ಸೇರಿ ಇಷ್ಟು ಎಂದಷ್ಟೇ ಹೇಳುತ್ತದೆ. ಮುಂದಿನ ಪರೀಕ್ಷೆಗಳು ಅವನ್ನು ಬಿಡಿಸಿ ನೋಡುವುದಕ್ಕಾಗಿ.

ಬಿಸಿಲಿನ ಬಗ್ಗೆ ಒಂದು ಮಾತು. ಮುಚ್ಚಳ 60 ಡಿಗ್ರಿಗೆ ಕಾದರೂ 5 ಸೆಂಟಿಮೀಟರ್ ದಪ್ಪದ ಮುಚ್ಚಳದ ಮೂಲಕ ಹೆಚ್ಚುವರಿಯಾಗಿ ಬರುವುದು ಸುಮಾರು 9 ವ್ಯಾಟ್. ಆರು ಗಂಟೆಯ ಬಿಸಿಲಿಗೆ ಅರ್ಧ ಕಿಲೋ ಚಿಲ್ಲರೆ ಐಸ್. ನೆರಳಿರುವುದು ಒಳ್ಳೆಯದೇ, ಆದರೆ ಐಸೆಲ್ಲ ಬಿಸಿಲಿಗೆ ಹೋಯಿತೆಂಬ ವಿವರಣೆ ಒಳ್ಳೆಯ ಪೆಟ್ಟಿಗೆಗೆ ಒಪ್ಪುವುದಿಲ್ಲ. ಆ ವಿವರಣೆ ನಿಜವಾಗಿದ್ದರೆ ಮುಚ್ಚಳ ತೀರಾ ತೆಳುವಾಗಿದೆ ಅಥವಾ ಟೊಳ್ಳಾಗಿದೆ ಎಂದರ್ಥ. ಎಷ್ಟೋ ಪೆಟ್ಟಿಗೆಗಳ ಗೋಡೆಯಲ್ಲಿ ಪಫ್ ಇದ್ದು ಮುಚ್ಚಳದಲ್ಲಿ ಬರೀ ಗಾಳಿಯಿರುತ್ತದೆ. ಬೆರಳಿನಿಂದ ಬಡಿದು ಸದ್ದು ಕೇಳಿ.

ಲಕ್ಷಣ: ಮುಚ್ಚಳದ ಅಂಚಿಗೆ ಅಥವಾ ತೂಬಿಗೆ ಕೈಯಿಟ್ಟರೆ ತಂಪು ಗಾಳಿ

ಇದು ವಹನವಲ್ಲ, ಗಾಳಿಯ ಸೋರಿಕೆ. ಹಾಗಾಗಿ ಸೂತ್ರದಲ್ಲಿ ಇದಕ್ಕೆ ಜಾಗವಿಲ್ಲ. ತಂಪು ಗಾಳಿ ಭಾರವಾದುದರಿಂದ ತೆರೆದ ತೂಬಿನಿಂದ ಕೆಳಗೆ ಸುರಿಯುತ್ತದೆ, ಅಷ್ಟೇ ಬೆಚ್ಚಗಿನ ತೇವದ ಗಾಳಿ ಮೇಲಿನಿಂದ ಒಳಸೇರುತ್ತದೆ. ಕರಾವಳಿಯ ಗಾಳಿಯಲ್ಲಿರುವ ನೀರಾವಿ ಐಸಿನ ಮೇಲೆ ಸಾಂದ್ರವಾಗುವಾಗ ತನ್ನ ಉಷ್ಣವನ್ನೂ ಬಿಟ್ಟುಕೊಡುವುದರಿಂದ ಸಣ್ಣ ಸಂದಿಯ ನಷ್ಟವೂ ಇಲ್ಲಿ ದೊಡ್ಡದಾಗುತ್ತದೆ.

ಪತ್ರಿಕೆಯ ಕಾಗದದ ಪಟ್ಟಿಯನ್ನು ಅಂಚಿನ ಮೇಲಿಟ್ಟು ಮುಚ್ಚಳ ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಜಾರಿ ಬಂದರೆ ಅಲ್ಲಿ ರಬ್ಬರ್ ಸತ್ತಿದೆ. ರಾತ್ರಿ ಪೆಟ್ಟಿಗೆಯೊಳಗೆ ಟಾರ್ಚ್ ಹಚ್ಚಿಟ್ಟು ಮುಚ್ಚಿದರೆ ಸಂದಿಗಳು ತಾವೇ ಕಾಣುತ್ತವೆ. ಊದುಬತ್ತಿಯ ಹೊಗೆಯಿಂದ ಸೋರಿಕೆ ಹುಡುಕುವ ಅಭ್ಯಾಸವಿದೆ, ದಯವಿಟ್ಟು ಮಾಡಬೇಡಿ. ಥರ್ಮೋಕೋಲ್ ಮತ್ತು ಪಫ್ ಎರಡೂ ಬೇಗ ಹತ್ತಿಕೊಳ್ಳುತ್ತವೆ, ಉರಿಯುವ ಪಫ್‌ನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್ ಇರುತ್ತವೆ. ರಬ್ಬರ್ ಬದಲಿಸಿ, ತೂಬಿಗೆ ಬಿರಡೆ ಹಾಕಿ, ನೀರಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ.

ಲಕ್ಷಣ: ಪೆಟ್ಟಿಗೆಯ ಹೊರಮೈ ಬೆವರುತ್ತದೆ

ಈ ಲಕ್ಷಣವನ್ನು ಸರಿಯಾಗಿ ಓದಿದರೆ ಪೆಟ್ಟಿಗೆ ಒಡೆಯದೆಯೇ ಒಳಗಿನ ಸ್ಥಿತಿ ತಿಳಿಯುತ್ತದೆ. ತಪ್ಪಾಗಿ ಓದಿದರೆ ಒಳ್ಳೆಯ ಪೆಟ್ಟಿಗೆ ಗುಜರಿಗೆ ಹೋಗುತ್ತದೆ.

ಬೇಸಿಗೆಯ ಒಂದು ದಿನ 32 ಡಿಗ್ರಿ, ಆರ್ದ್ರತೆ ಶೇಕಡಾ 80 ಇದೆಯೆನ್ನೋಣ. ಆಗ ಗಾಳಿಯ ಇಬ್ಬನಿ ಬಿಂದು ಸುಮಾರು 28 ಡಿಗ್ರಿ; ಅದಕ್ಕಿಂತ ತಣ್ಣಗಿರುವ ಯಾವ ಮೈಯ ಮೇಲಾದರೂ ನೀರು ಕೂರುತ್ತದೆ. ಒಣ ಥರ್ಮೋಕೋಲ್ ಗೋಡೆಯಾದರೆ ಚದರ ಮೀಟರಿಗೆ ಸುಮಾರು 20.6 ವ್ಯಾಟ್ ಹರಿಯುತ್ತದೆ, ಅಷ್ಟು ಉಷ್ಣ ಗಾಳಿಯ ಪದರ ದಾಟಲು ಎರಡೂವರೆ ಡಿಗ್ರಿ ಇಳಿಕೆ ಬೇಕು, ಹಾಗಾಗಿ ಹೊರಮೈ 29.4 ಡಿಗ್ರಿಯಲ್ಲಿರುತ್ತದೆ. ಇಬ್ಬನಿ ಬಿಂದುವಿಗಿಂತ ಮೇಲಿರುವುದರಿಂದ ಬೆವರು ಬರುವುದಿಲ್ಲ. ಅದೇ ಗೋಡೆ ನೀರು ಕುಡಿದು ಅದರ ವಾಹಕತೆ ಇಮ್ಮಡಿಯಾಗಿದ್ದರೆ ಹರಿವು 38 ವ್ಯಾಟಿಗೆ ಏರಿ ಹೊರಮೈ 27.2ಕ್ಕೆ ಇಳಿಯುತ್ತದೆ, ಬೆವರು ಮೂಡುತ್ತದೆ. ಅಂದರೆ ಬೇಸಿಗೆಯಲ್ಲಿ, ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ ಬೆವರುವ ಪೆಟ್ಟಿಗೆಯ ತಡೆಯುವ ಶಕ್ತಿ ಅರ್ಧದಷ್ಟು ಹೋಗಿದೆ ಎಂದು ಊಹಿಸಬಹುದು.

ಮಳೆಗಾಲದ ಕಥೆ ಬೇರೆ. ಜುಲೈಯಲ್ಲಿ 28 ಡಿಗ್ರಿ, ಶೇಕಡಾ 90 ಆರ್ದ್ರತೆ ಇರುವ ದಿನ ಇಬ್ಬನಿ ಬಿಂದು 26.2, ಒಳ್ಳೆಯ ಗೋಡೆಯ ಹೊರಮೈ 25.8. ಆಗ ಹೊಸ ಪೆಟ್ಟಿಗೆಯೂ ಬೆವರುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆವರನ್ನು ದೋಷದ ಸಾಕ್ಷಿಯಾಗಿ ಹಿಡಿಯಬೇಡಿ; ಒಂದೇ ಪೆಟ್ಟಿಗೆಯ ಒಂದು ಮೂಲೆ ಮಾತ್ರ ಉಳಿದ ಕಡೆಗಿಂತ ಹೆಚ್ಚು ಒದ್ದೆಯಾಗಿದೆಯೇ ಎಂಬುದನ್ನಷ್ಟೇ ನೋಡಿ. ಘಟ್ಟದ ಮೇಲೆ ಶಿರಸಿಯಲ್ಲಿ ಪರೀಕ್ಷೆ ಮಾಡುವವರು ಅಲ್ಲಿನ ತಾಪಮಾನ, ಆರ್ದ್ರತೆ ಹಾಕಿ ಇದೇ ಲೆಕ್ಕವನ್ನು ಹೊಸದಾಗಿ ಮಾಡಬೇಕು, ಕರಾವಳಿಯ ಸಂಖ್ಯೆ ಅಲ್ಲಿಗೆ ಹೊಂದುವುದಿಲ್ಲ.

ಲಕ್ಷಣ: ಹಿಡಿಕೆ, ಬೋಲ್ಟುಗಳ ಸುತ್ತ ಮಾತ್ರ ಬೆವರಿನ ಚುಕ್ಕೆ

ಗೋಡೆಯನ್ನು ಆರಪಾರ ತೂರಿದ ಲೋಹ ಉಷ್ಣಕ್ಕೆ ಸೇತುವೆಯಾಗಿದೆ. 10 ಮಿಲಿಮೀಟರ್ ವ್ಯಾಸದ ಉಕ್ಕಿನ ಬೋಲ್ಟ್ ಒಂದರ ಮೂಲಕ ಹೆಚ್ಚೆಂದರೆ 2.5 ವ್ಯಾಟ್ ಬರಬಲ್ಲದು. ನೋಡಲು ಚಿಕ್ಕದು, ಆದರೆ ಅಷ್ಟು ಉಷ್ಣ ಬರಲು 33 ಸೆಂಟಿಮೀಟರ್ ಚೌಕದ ಥರ್ಮೋಕೋಲ್ ಗೋಡೆ ಬೇಕು. ಎಂಟು ಬೋಲ್ಟುಗಳಿದ್ದರೆ 20 ವ್ಯಾಟ್, ಗೋಡೆಯ 56ರ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಬೋಲ್ಟಿನ ಸಣ್ಣ ತಲೆ ಸುತ್ತಲಿನ ಗಾಳಿಯಿಂದ ಅಷ್ಟು ಉಷ್ಣವನ್ನು ಬಾಚಿಕೊಳ್ಳಲಾರದಾದುದರಿಂದ ನಿಜವಾದ ನಷ್ಟ ಇದಕ್ಕಿಂತ ಕಡಿಮೆ. ತಲೆಯ ಕೆಳಗೆ ಅಗಲ ವಾಷರ್ ಅಥವಾ ಲೋಹದ ಪಟ್ಟಿ ಇದ್ದರೆ ಮಾತ್ರ ಈ ಮಿತಿಯ ಹತ್ತಿರ ಹೋಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ವಾಹಕತೆ ಸಾದಾ ಉಕ್ಕಿನ ಮೂರನೆಯ ಒಂದು ಭಾಗವಷ್ಟೇ ಇರುವುದರಿಂದ ಬೋಲ್ಟ್ ಬದಲಿಸಿದರೇ ಲಾಭವಿದೆ, ಉಪ್ಪುಗಾಳಿಯ ತುಕ್ಕಿನ ಕಾಟವೂ ತಗ್ಗುತ್ತದೆ. ಆರಪಾರ ಹೋಗದ ಹಿಡಿಕೆ ಇನ್ನೂ ಒಳ್ಳೆಯದು.

ಲಕ್ಷಣ: ಖಾಲಿ ಪೆಟ್ಟಿಗೆ ಮೊದಲಿಗಿಂತ ಭಾರ

ನೀರು ಹೊಕ್ಕಿದೆ. ಥರ್ಮೋಕೋಲ್ ಉಷ್ಣ ತಡೆಯುವುದು ಅದರ ಕಣಗಳಲ್ಲಿ ಸಿಕ್ಕಿಬಿದ್ದ ಗಾಳಿಯಿಂದ. ಅಲುಗದ ಗಾಳಿಯ ವಾಹಕತೆ 0.026, ನೀರಿನದು 0.6. ನಮ್ಮ ಮಾದರಿ ಪೆಟ್ಟಿಗೆಯ ಗೋಡೆಗಳ ಒಟ್ಟು ಗಾತ್ರ 0.124 ಘನ ಮೀಟರ್. ಅದರ ನೂರಕ್ಕೆ ಐದು ಪಾಲು ನೀರು ಸೇರಿದರೂ ತೂಕ ಆರು ಕಿಲೋ ಏರುತ್ತದೆ, ಹಾಗಾಗಿ ತಕ್ಕಡಿಯಲ್ಲಿ ಇದು ಅಡಗಿ ಕೂರಲಾರದು. ಹೊಸದರಲ್ಲೇ ಖಾಲಿ ಪೆಟ್ಟಿಗೆಯನ್ನು ತೂಗಿ ತಳದಲ್ಲಿ ಬಣ್ಣದಿಂದ ಬರೆದಿಡುವುದು ಖರ್ಚಿಲ್ಲದ ಕೆಲಸ, ಮಾಡುವವರು ಮಾತ್ರ ಕಡಿಮೆ.

ನೀರು ಎಲ್ಲಿಂದ ಬಂತು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಒಳಮೈಯ ಬಿರುಕಿನಿಂದ ಐಸಿನ ನೀರು ಇಳಿಯಿತೆಂದು ಒಳಗಷ್ಟೇ ತೇಪೆ ಹಾಕುತ್ತಾರೆ. ಅದೂ ಒಂದು ದಾರಿಯೇ. ಆದರೆ ನೀರಾವಿ ಯಾವಾಗಲೂ ಬೆಚ್ಚಗಿನ ತೇವದ ಕಡೆಯಿಂದ ತಣ್ಣಗಿನ ಕಡೆಗೆ ಸಾಗುತ್ತದೆ, ನಮ್ಮಲ್ಲಿ ಬೆಚ್ಚಗಿನ ಕಡೆ ಎಂದರೆ ಹೊರಗೆ. ಹೊರಮೈಯ ಗೀರು, ಸಡಿಲವಾದ ಸ್ಕ್ರೂ ತೂತುಗಳಿಂದ ಒಳನುಗ್ಗಿದ ಆವಿ ಗೋಡೆಯ ನಡುವೆ ನೀರಾಗಿ ಅಲ್ಲೇ ಉಳಿಯುತ್ತದೆ. ಹೊರಗಿನ ತೂತು ಮುಚ್ಚದೆ ಮಾಡಿದ ರಿಪೇರಿ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಬಿರುಕು ಮುಚ್ಚುವ ಮೊದಲು ಗೋಡೆ ಒಣಗಿರಬೇಕು, ಇಲ್ಲದಿದ್ದರೆ ನೀರನ್ನು ಒಳಗೇ ಬಂಧಿಸಿದಂತಾಗುತ್ತದೆ. ತೀರಾ ನೆನೆದ ಪಫ್ ಒಣಗುವುದಿಲ್ಲ. ಆ ಭಾಗವನ್ನು ಕತ್ತರಿಸಿ ತೆಗೆಯಬೇಕು ಅಥವಾ ಪೆಟ್ಟಿಗೆಯನ್ನು ಬದಲಿಸಬೇಕು.

ಎಲ್ಲಿ ನಿಲ್ಲಿಸಿ ಬಲ್ಲವರನ್ನು ಕರೆಯಬೇಕು

ಪಫ್ ಕತ್ತರಿಸುವಾಗ ಏಳುವ ಪುಡಿಗೆ ಮುಖಗವುಸು, ಕನ್ನಡಕ ಬೇಕು. ಎರಡು ದ್ರವ ಬೆರೆಸಿ ಹೊಸ ಪಫ್ ತುಂಬುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿ. ಅದರಲ್ಲಿರುವ ಐಸೋಸಯನೇಟ್ ಉಬ್ಬಸ ತರಬಲ್ಲದು, ತರಬೇತಿ ಇರುವವರೇ ಮಾಡಲಿ.

ಪೆಟ್ಟಿಗೆಯ ಬದಲು ವಿದ್ಯುತ್ತಿನ ಡೀಪ್ ಫ್ರೀಜರ್ ಬೆವರುತ್ತಿದ್ದರೆ ಕಾಗದದ ಪಟ್ಟಿಯ ಪರೀಕ್ಷೆಯವರೆಗೆ ಮಾತ್ರ ಹೋಗಿ. ಅದರ ಗೋಡೆಯೊಳಗೆ ಅನಿಲದ ಕೊಳವೆಗಳಿರುತ್ತವೆ, ಈಚಿನ ಯಂತ್ರಗಳಲ್ಲಿ ಆ ಅನಿಲ ಬೆಂಕಿ ಹತ್ತುವಂಥದ್ದಾಗಿರಬಹುದು. ಗೋಡೆಗೆ ಡ್ರಿಲ್ ಹಾಕುವುದಾಗಲಿ, ಕಟ್ಟಿದ ಹಿಮವನ್ನು ಚೂರಿಯಿಂದ ಕೆತ್ತುವುದಾಗಲಿ ಬೇಡ.

ದೋಣಿಯ ಮೀನುಗೂಡಿನ ಗೋಡೆ ಪರೀಕ್ಷಿಸಬೇಕಾದಾಗ, ಬಹಳ ಹೊತ್ತು ಮುಚ್ಚಿಟ್ಟ ಗೂಡಿಗೆ ಒಬ್ಬರೇ ಇಳಿಯಬೇಡಿ. ಕೊಳೆತ ಮೀನು ಮತ್ತು ನೀರಿನಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ, ಆಮ್ಲಜನಕ ಕುಸಿದಿರುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ಆ ಅನಿಲ ಮೂಗಿನ ವಾಸನೆಯ ಅರಿವನ್ನೇ ಕೊಲ್ಲುತ್ತದೆ. ಕೆಳಗೆ ಬಿದ್ದವರನ್ನು ಎತ್ತಲು ಹಾಗೆಯೇ ಇಳಿದವರೂ ಬೀಳುತ್ತಾರೆ. ಗೂಡನ್ನು ಪೂರ್ತಿ ತೆರೆದು ಗಾಳಿಯಾಡಿಸಿ, ಮೇಲೊಬ್ಬರು ನಿಂತಿರುವಾಗಲೇ ಇಳಿಯಬೇಕು.

ಪರೀಕ್ಷೆಯ ನಡುವೆ ಐಸ್ ಮುಗಿದು ಬೆಚ್ಚಗಾದ ಮೀನನ್ನು ಮತ್ತೆ ಐಸಿಗೆ ಹಾಕಿ ಮಾರಬಾರದು. ಬಂಗುಡೆ, ತಾರ್ಲೆ, ಟ್ಯೂನಾಗಳಲ್ಲಿ ಬೆಚ್ಚಗಿದ್ದ ಹೊತ್ತಿನಲ್ಲಿ ಹಿಸ್ಟಮಿನ್ ಎಂಬ ಹಾನಿಕರ ವಸ್ತು ಕೂಡಿಕೊಳ್ಳುತ್ತದೆ. ಮತ್ತೆ ತಣ್ಣಗೆ ಮಾಡಿದರೂ, ಕುದಿಸಿದರೂ, ಹುರಿದರೂ ಅದು ಹೋಗುವುದಿಲ್ಲ, ವಾಸನೆಯಲ್ಲಿ ಗೊತ್ತಾಗದೆಯೂ ಇರಬಹುದು. ಅಂಥ ಮೀನು ತಿಂದವರಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಅಥವಾ ವಾಂತಿ ಆರಂಭವಾದರೆ, ಯಾವ ಮೀನು ತಿಂದದ್ದೆಂದು ತಿಳಿಸಿ ಕೂಡಲೇ ವೈದ್ಯರಿಗೆ ತೋರಿಸಬೇಕು.